ಮಾವನ ಸಾಲಿಯ ರಷ್ಯಾ, ಜಪಾನು

ನಮ್ಮ ಸೋದರಮಾವ ಈ ಕಡೆ ದುಧನಿ ಸ್ಟೇಶನ್, ಆ ಕಡೆ ಸೊಲ್ಲಾಪುರ ದಾಟಿ ಕಾಲಿಟ್ಟವರಲ್ಲ. ಆದರೆ ದಿನಾ ಬೆಳಿಗ್ಗೆ ಅಮೆರಿಕಾದ ಮೂಗು ಒರೆಸುತ್ತಿದ್ದರು, ರಷ್ಯಾದ ಕಿವಿ ಹಿಂಡುತ್ತಿದ್ದರು! ಸುಳ್ಳೆಂದು ನಗಬೇಡಿ. ಇಬ್ಬರೂ ನನ್ನ ವರ್ಗದಲ್ಲೇ ಇದ್ದರು.

ಎಪ್ಪತ್ತರ ದಶಕದ ಮಾತು. ಅಕ್ಕಲಕೋಟೆಯ ಹತ್ತಿರದ ಹಳ್ಳಿಯೊಂದರ ಕನ್ನಡ ಸಾಲಿಗೆ ಮಾವನೇ ಹೆಡ್‌ಮಾಸ್ತರ, ಗಂಟೆ ಬಾರಿಸುವವರೂ ಅವರೇ. ಒಮ್ಮೆ ಸೊಲ್ಲಾಪುರದಲ್ಲಿ ಹೆಡ್‌ಮಾಸ್ತರರ ಸಭೆ ಸೇರಿತು. ಸಣ್ಣ ಮಕ್ಕಳಿಗೆ ಜಗತ್ತಿನ ಪರಿಚಯ ಹೇಗೆ ಮಾಡಿಸಬೇಕು ಎಂದು ಶಿಕ್ಷಣ ಖಾತೆಯ ಸಾಹೇಬರು ಕೇಳಿದರಂತೆ. ಪೇಟೆಯ ಹೆಡ್‌ಮಾಸ್ತರರೊಬ್ಬರು ಟೈ ಕಟ್ಟಿಸಬೇಕೆಂದರು. ಇನ್ನೊಬ್ಬರು ಇಂಗ್ಲಿಷ್ ಪ್ರಾರ್ಥನೆ ಎಂದರು. ನಮ್ಮ ಮಾವ ಎದ್ದು ನಿಂತು, "ಮೊದಲ ಬಾಜೂದವರ ಪರಿಚಯ ಆಗ್ಲಿರಿ ಸಾಹೇಬ್ರ, ಜಗತ್ತು ಎಲ್ಲಿ ಓಡಿ ಹೋಗತದ?" ಎಂದರು. ಸಭೆಯೆಲ್ಲ ನಕ್ಕಿತು. ಮಾವ ತಾವೇ ಗೆದ್ದೆವೆಂದು ತಿಳಿದು ದಾರಿಯುದ್ದಕ್ಕೂ ಮೀಸೆ ತಿರುವುತ್ತ ಎಸ್.ಟಿ. ಬಸ್ಸಿನಲ್ಲಿ ಬಂದರು.

ಮರುದಿನವೇ ವರ್ಗದಲ್ಲಿ ಮಕ್ಕಳು ಕೂಡುವ ಒಂದೊಂದು ಸಾಲಿಗೂ ಒಂದೊಂದು ದೇಶದ ಹೆಸರು! ಸೋಮವಾರಕ್ಕೊಮ್ಮೆ ಚೀಟಿ ಎತ್ತುವುದು, ಬಂದ ದೇಶಕ್ಕೆ ಹೋಗಿ ಕೂಡುವುದು.

"ಜಪಾನ್ ಯಾಕ ಅರ್ಧಾ ಖಾಲಿ ಅದ?"

"ಎಮ್ಮಿ ಕಾಯಾಕ ಹೋಗ್ಯಾದರಿ ಮಾಸ್ತರ!"

ಒಂದು ದಿನ ಒಬ್ಬ ತಾಯಿ ಬುತ್ತಿಯ ಗಂಟು ಹೊತ್ತು ಅಳುತ್ತ ಬಂದಳು. ಮಗ, ಇನ್ನು ನಾನು ರಷ್ಯಾದಾಗ ಇರತೀನಿ ಅಂದಿದ್ದನಂತೆ! "ರಷ್ಯಾ ಆ ಕಿಡಕಿ ಬಾಜೂಕ ಅದ ತಂಗಿ, ಸಂಜಿಗೆ ಮನಿಗೆ ಬರತಾನ" ಎಂದು ಮಾವ ಸಮಾಧಾನ ಹೇಳಿದರು. ಆದರೆ ಬಂದ ಬುತ್ತಿಯನ್ನು ವಾಪಸು ಕಳಿಸುವ ಜೀವವೇ ಅದು? ಅರಬಸ್ತಾನದಲ್ಲಿ ಎಲ್ಲರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ ಎಂದು ಪಾಠ ಹೇಳುತ್ತಲೇ ದೊಡ್ಡ ಪರಾತ ತರಿಸಿ ರೊಟ್ಟಿ, ಶೇಂಗಾ ಚಟ್ನಿ ಹರವಿದರು. ಎಲ್ಲ ಓಣಿಯ ಕೈಗಳೂ ಅದರಲ್ಲೇ ಇಳಿದವು. ಅಂದಿನಿಂದ ಪ್ರತಿ ಶನಿವಾರ ಅರಬಸ್ತಾನ!

ಊರ ಹಿರಿಯರಿಗೆ ಈ ಭೂಗೋಳ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು. ನಮಗಿಂತ ಹಿಂದಿನ ಮಕ್ಕಳಲ್ಲಿ ಮೇಲಿನ ಓಣಿಯವರು ಹಲಗೆಯ ಮುಂದೆ, ಬೌದ್ಧರಾದ ದಲಿತರ ಓಣಿಯವರು ಬಾಗಿಲ ಹತ್ತಿರ ಕೂಡುತ್ತಿದ್ದರಂತೆ. ಮಾಸ್ತರ ಎಲ್ಲ ಕಲಸಿಬಿಟ್ಟಾನ, ಅವನನ್ನು ಬದಲಿ ಮಾಡ್ರಿ ಎಂದು ಸೊಲ್ಲಾಪುರಕ್ಕೆ ತಕರಾರು ಹೋಯಿತು. ಮಾವ ಆ ವಾರ ಯಾರ ಕಿವಿಯನ್ನೂ ಹಿಂಡಲಿಲ್ಲ.

ಸಭೆ ನಡೆಸಿದ್ದ ಸಾಹೇಬರೇ ಜೀಪಿನಲ್ಲಿ ಬಂದರು.

"ಏನ್ರಿ ಮಾಸ್ತರ ಇದು?"

"ಭೂಗೋಳರಿ ಸಾಹೇಬ್ರ."

"ಇರ್ಲಿ. ಮಕ್ಕಳ, ಎಲ್ಲಾರೂ ಮೊದಲಿನಂಗ ಕೂಡ್ರಿ ನೋಡೂಣು."

ನಾವೆಲ್ಲ ಎದ್ದೆವು. ಎದ್ದವರು ನಿಂತೇ ಇದ್ದೆವು. ಮೊದಲು ಅಂದರೆ ಯಾವುದು? ಸಾಲಿಗೆ ಸೇರಿದ ದಿನದಿಂದ ನಾವು ಕಂಡದ್ದು ಇದನ್ನೇ. ನನ್ನ ಪಕ್ಕದ ಸುಜಾತಾ, ಬೌದ್ಧರ ಓಣಿಯವಳು, ನನ್ನ ಲಂಗ ಜಗ್ಗಿ ಕೇಳಿದಳು: "ಎಲ್ಲಿ ಕೂಡೂದ?" ನನಗೇನು ಗೊತ್ತು!

ಸಾಹೇಬರು ಕೈಯಲ್ಲಿದ್ದ ತಕರಾರಿನ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. "ನೀವು ಇಲ್ಲೇ ಇರ್ರಿ ಮಾಸ್ತರ" ಎಂದಷ್ಟೇ ಹೇಳಿ ಹೊರಟರು.

ಮಾವ ನಮಗೆ ಬೆನ್ನು ಮಾಡಿ, ಏನೂ ಬರೆಯದ ಹಲಗೆಯನ್ನು ಒರೆಸುತ್ತ ನಿಂತುಬಿಟ್ಟರು. ನನಗೆ ಅಳುವೂ ಬಂತು, ಹೆಮ್ಮೆಯೂ ಉಕ್ಕಿತು.

"ಅವ್ರು ನಮ್ಮ ಮಾಮಾ" ಎಂದೆ ಸುಜಾತಾಳಿಗೆ.

ಆಕೆ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು.

"ನಂಗೂ ಮಾಮಾನ" ಎಂದಳು.