ಅಣೆಕಟ್ಟಿಗೆ ಹಸಿರು ಚಹಾ

ದಾರಿಯಲ್ಲಿ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು ಅವನು. ಒಮ್ಮೆ ಹೊರಟನೆಂದರೆ ಊರು ಮುಟ್ಟುವ ತನಕ ಸೀಟು ಬಿಟ್ಟು ಏಳುವ ಮಾತೇ ಇಲ್ಲ. ಅವನ ಮೂತ್ರಕೋಶದ ಮಹಿಮೆಯನ್ನು ಕೊಂಡಾಡಿ ಡಿಪೋದವರು ಅವನಿಗೆ 'ಅಣೆಕಟ್ಟು' ಎಂಬ ಬಿರುದು ದಯಪಾಲಿಸಿದ್ದರು.

ಅಂಥ ಗಟ್ಟಿ ಆಸಾಮಿಯನ್ನು ನಡುಗಿಸಿದ್ದು ಅವನ ಅಣ್ಣನಿಗೆ ಬಂದ ಪ್ರಾಸ್ಟೇಟ್ ಕ್ಯಾನ್ಸರ್. ಅಣ್ಣನೇನೋ ಚಿಕಿತ್ಸೆ ಪಡೆದು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದ. ತಮ್ಮನಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

"ನೀವೂ ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದಳು ಹೆಂಡತಿ.

"ಡಾಕ್ಟರು ಎಲ್ಲಿ ಬೆರಳಿಟ್ಟು ನೋಡ್ತಾರೆ ಗೊತ್ತೇನೇ?"

"ಎರಡು ಹೆತ್ತಿದೀನಿ. ನನ್ನ ಮುಂದೆ ನಾಚಿಕೆ ಪುರಾಣ ಬೇಡ."

ಅಷ್ಟರಲ್ಲಿ ಪೇಪರಿನಲ್ಲೊಂದು ಸುದ್ದಿ ಬಂತು. ಗಂಡಸರ ಹಾರ್ಮೋನಿನ ಬಲದಿಂದ ಕೊಬ್ಬಿ ಬೆಳೆಯುವ ಆ ಕ್ಯಾನ್ಸರಿನ ಜೀವಕೋಶಗಳನ್ನು ಹಸಿರು ಚಹಾ, ಸೋಯಾ, ಟೊಮೆಟೊಗಳಲ್ಲಿರುವ ಸತ್ವಗಳು ಪ್ರಯೋಗಾಲಯದಲ್ಲಿ ಹತ್ತಿಕ್ಕಿದವಂತೆ. ಅಣೆಕಟ್ಟಿಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಆಸ್ಪತ್ರೆಯ ಸುದ್ದಿ ಕೈಬಿಟ್ಟು, ಸೀಟಿನ ಪಕ್ಕ ಚಹಾದ ದೊಡ್ಡ ಫ್ಲಾಸ್ಕು ಸ್ಥಾಪಿಸಿದ. ಬೆಳಗ್ಗೆ ಸೋಯಾ ಹಾಲು, ಸಂಜೆ ಟೊಮೆಟೊ ರಸ, ನಡುವೆ ಚಹಾದ ಮಹಾಪೂರ.

ಕೆಲವೇ ದಿನಗಳಲ್ಲಿ ನಿಲ್ಲದ ಬಸ್ಸು ಪೆಟ್ರೋಲ್ ಬಂಕಿನ ಮುಂದೆ ಗಕ್ಕನೆ ನಿಲ್ಲತೊಡಗಿತು. ಡ್ರೈವರು ಹಾರಿ ಇಳಿದು, ಹಿಂಭಾಗದ ಶೌಚಾಲಯಕ್ಕೆ ಒಂದೇ ಓಟ. (ಕಾಯುವ ಬೇಸರಕ್ಕೆ ದಿನನಿತ್ಯದ ಪ್ರಯಾಣಿಕರೂ ಒಬ್ಬೊಬ್ಬರಾಗಿ ಹಿಂದೆಯೇ ಹೋಗಿಬರುತ್ತಿದ್ದರು.) 'ಅಯ್ಯೋ, ರೋಗ ಬಂದೇಬಿಟ್ಟಿತು!' ಎಂದು ಹೆದರಿ ಅವನು ಚಹಾವನ್ನು ಇಮ್ಮಡಿ ಮಾಡಿದ. ಓಟವೂ ಇಮ್ಮಡಿಯಾಯಿತು.

"ಇನ್ನೊಂದ್ಸಲ ದಾರೀಲಿ ನಿಲ್ಲಿಸಿದ್ರೆ ಸ್ಟಿಯರಿಂಗ್ ಬಿಟ್ಟು ಆಫೀಸಲ್ಲಿ ಕೂತ್ಕೋಬೇಕಾಗುತ್ತೆ" ಎಂದು ಡಿಪೋ ಮ್ಯಾನೇಜರು ಗದರಿದರು. ಅಂದು ಅವನು ಊಟದ ಮುಂದೆ ಕೂತು ಕಣ್ಣೀರಿಟ್ಟ. ಹೆಂಡತಿ ಬೈಯಲಿಲ್ಲ, ಮರುದಿನ ಕೈ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ರಕ್ತಪರೀಕ್ಷೆಯಾಯಿತು. ಅವನು ಹೆದರಿದ್ದ ಬೆರಳಿನ ಪರೀಕ್ಷೆಯೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ವರದಿ ನೋಡಿದ ಡಾಕ್ಟರಮ್ಮ, "ಎಲ್ಲಾ ಸರಿಯಾಗಿದೆಯಲ್ಲ. ದಿನಕ್ಕೆ ಏನೇನು ಕುಡೀತೀರಿ?" ಎಂದರು.

ಹೆಂಡತಿ ಚೀಲದಿಂದ ಫ್ಲಾಸ್ಕು ತೆಗೆದು ಮೇಜಿನ ಮೇಲಿಟ್ಟು, ಪೇಪರಿನ ಸುದ್ದಿಯನ್ನೂ ಹೇಳಿದಳು.

"ಇಷ್ಟೂ ಒಬ್ಬರೇನಾ? ಸ್ವಾಮಿ, ಅದು ಪ್ರಯೋಗಾಲಯದ ತಟ್ಟೇಲಿಟ್ಟ ಜೀವಕೋಶಗಳ ಕಥೆ. ತಟ್ಟೇಲಿ ಗೆದ್ದಿದ್ದು ಹೊಟ್ಟೇಲೂ ಗೆಲ್ಲುತ್ತೆ ಅಂತ ಯಾರು ಹೇಳಿದ್ರು? ಚಹಾ ಕಮ್ಮಿ ಮಾಡಿ, ಓಟ ತಾನಾಗೇ ನಿಲ್ಲುತ್ತೆ. ವರ್ಷಕ್ಕೊಮ್ಮೆ ಬಂದು ತೋರಿಸ್ಕೊಳ್ಳಿ, ಅಣ್ಣನಿಗೆ ಬಂದಿದೆಯಲ್ಲ."

ಹೊರಗೆ ಬರುತ್ತಲೇ ಹೆಂಡತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತ ನಗುತ್ತಲೇ ಅತ್ತುಬಿಟ್ಟಳು. ತನಗಿಂತ ಅವಳೇ ಹೆಚ್ಚು ಹೆದರಿದ್ದಳೆಂದು ಅವನಿಗೆ ಆಗ ತಿಳಿಯಿತು.

ಫ್ಲಾಸ್ಕು ಅಟ್ಟ ಸೇರಿತು. ವಾರ ಕಳೆಯುವಷ್ಟರಲ್ಲಿ ಅಣೆಕಟ್ಟು ಮತ್ತೆ ಭದ್ರವಾಯಿತು. ಮೀಸೆ ತಿರುವಿಕೊಂಡು ಅವನು ಪೆಟ್ರೋಲ್ ಬಂಕನ್ನು ದಾಟಿಸಿ ಬಸ್ಸು ಹೊಡೆದನೋ ಇಲ್ಲವೋ, ಹಿಂದಿನಿಂದ ಗುಲ್ಲೆದ್ದಿತು. ದಿನಾ ಬರುವ ಅಜ್ಜಿಯೊಬ್ಬಳ ದನಿ ಎಲ್ಲರಿಗಿಂತ ಜೋರಾಗಿತ್ತು.

"ನಿಲ್ಸಪ್ಪಾ, ನಿಲ್ಸು!"

"ನಂಗೆ ವಾಸಿಯಾಯ್ತು ಅಜ್ಜೀ!" ಎಂದು ಅವನು ಹೆಮ್ಮೆಯಿಂದ ಕೂಗಿದ.

"ನಿಂಗೆ ವಾಸಿಯಾದ್ರೆ ನಮಗೇನೋ? ನೀನೇ ಅಭ್ಯಾಸ ಮಾಡಿಸ್ದೆ! ಮ್ಯಾನೇಜರ್ ಹತ್ರ ಹೋಗಿ ಈ ಬಂಕನ್ನೇ ಒಂದು ಸ್ಟಾಪ್ ಮಾಡಿಸ್ಕೊಂಡು ಬಂದಿದೀವಿ. ಹಿಂದಕ್ಕೆ ತಗೋ ಗಾಡೀನ!"