ಚಕ್ಕೋತದ ಮುನೇಶ್ವರ

ಬೆಳಿಗ್ಗೆ ತೋಟಕ್ಕೆ ಹೋದ ಪಿಳ್ಳಪ್ಪನಿಗೆ ಮೊದಲು ಕಂಡದ್ದೇ ಚಕ್ಕೋತದ ಮರದ ಬೊಡ್ಡೆಗೆ ಬಳಿದಿದ್ದ ಬಿಳಿ ಪಟ್ಟೆ. ವಿಮಾನ ನಿಲ್ದಾಣದ ರಸ್ತೆ ಅಗಲ ಮಾಡುವಾಗ ಹೀಗೇ ಬಣ್ಣ ಬಳಿಸಿಕೊಂಡ ಮರಗಳೆಲ್ಲ ವಾರದೊಳಗೆ ಸೌದೆಯಾಗಿದ್ದವು. ಈಗ ಪಕ್ಕದ ಗೋಮಾಳದಲ್ಲಿ ಸರ್ಕಾರ ವಿಶ್ವದರ್ಜೆಯ ವಿಶ್ವವಿದ್ಯಾಲಯ ಕಟ್ಟುತ್ತದಂತೆ. ಜಾಗ ನೋಡಲು ಸಾಹೇಬರು ಇವತ್ತೇ ಬರುವವರಿದ್ದರು.

ಆ ಮರ ಅವನ ಅವ್ವ ನೆಟ್ಟದ್ದು. ದೇವನಹಳ್ಳಿಯ ಆಕಾಶದಲ್ಲಿ ಹದ್ದು ಬಿಟ್ಟರೆ ಇನ್ನೇನೂ ಹಾರದಿದ್ದ ಕಾಲ. ಅವ್ವ ಚಕ್ಕೋತದ ತೊಳೆ ಬಿಡಿಸಿ, ಉಪ್ಪುಖಾರ ಹಚ್ಚಿ ಮಗನ ಬಾಯಿಗಿಡುತ್ತಿದ್ದಳು. ದಪ್ಪ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಗೆ ಕವುಚುತ್ತಿದ್ದಳು. ಆ ಟೋಪಿಯ ಘಮ ನೆನೆದರೆ ತಲೆಯೆಲ್ಲ ಬೆಳ್ಳಗಾದ ಪಿಳ್ಳಪ್ಪನ ಕೈ ಈಗಲೂ ತಾನಾಗಿ ನೆತ್ತಿಗೆ ಹೋಗುತ್ತದೆ.

ಪಕ್ಕದ ಹೊಲದ ಅಪ್ಪಯ್ಯಣ್ಣ, ಕೇಳದಿದ್ದರೂ ಸಲಹೆ ಕೊಡುವ ಆಸಾಮಿ, ಬದುವಿನ ಮೇಲೆ ಪ್ರತ್ಯಕ್ಷನಾದ.

"ಲೇ ಪಿಳ್ಳ, ಮರ ಉಳೀಬೇಕಾ? ಬುಡದಲ್ಲಿ ಮುನೇಶ್ವರನ್ನ ಕೂರ್ಸು. ದೇವ್ರಿರೋ ಮರಕ್ಕೆ ಯಾವನಲಾ ಗರಗಸ ಇಕ್ತಾನೆ?"

"ಸುಳ್ಳು ದೇವ್ರನ್ನ ಕೂರ್ಸೋದಾ?"

"ದೇವ್ರಲ್ಲಿ ಸುಳ್ಳು ಯಾವ್ದು, ನಿಜ ಯಾವ್ದು! ಕಲ್ಲು ನಾನು ತತ್ತೀನಿ, ಸುಣ್ಣ ನೀನು ತಾ."

ಮೂರು ಕಲ್ಲು ಬಂದವು. ಸುಣ್ಣ, ಕೆಮ್ಮಣ್ಣಿನ ಪಟ್ಟೆ, ನಿಂಬೆಹಣ್ಣು ಎಲ್ಲ ಆಯಿತು. ಹೆಂಡತಿ ಮುನಿವೆಂಕಟಮ್ಮನ ಹಳದಿ ಸೀರೆ ಮರಕ್ಕೆ ಸುತ್ತಿಕೊಂಡಿತು. ದಾರಿಯಲ್ಲಿ ಹೋಗುವ ಹೆಂಗಸರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು.

"ಈ ದೇವ್ರು ಯಾವಾಗಿಂದ ಅದೆ?" ಎಂದಳು ಒಬ್ಬಳು.

"ನಮ್ಮಜ್ಜಿ ಕಾಲದಿಂದ್ಲೂ ಅದೆ ಕಣಮ್ಮ," ಎಂದಳು ಪಿಳ್ಳಪ್ಪನಿಗಿಂತ ಮೊದಲೇ ಇನ್ನೊಬ್ಬಳು.

ಮಧ್ಯಾಹ್ನಕ್ಕೆ ತೆಂಗಿನಕಾಯಿ ಒಡೆದವು, ತಮಟೆ ಬಂತು. ಸಾಹೇಬರ ಕಾರು ನಿಲ್ಲುವುದಕ್ಕೂ, ಬೆಳಿಗ್ಗೆ ಕಲ್ಲು ಹೊತ್ತಿದ್ದ ಅಪ್ಪಯ್ಯಣ್ಣನ ಮೈಮೇಲೆಯೇ ಮುನೇಶ್ವರ ಬರುವುದಕ್ಕೂ ಸರಿಹೋಯಿತು.

"ಇದು ನನ್ನ ಜಾಗ! ಮುಟ್ಟಿದ್ರೆ ಸುಮ್ಕಿರಲ್ಲ!" ಎಂದು ಅಪ್ಪಯ್ಯಣ್ಣ ಹೂಂಕರಿಸಿದ.

ವಿದೇಶದಲ್ಲಿ ಓದಿ ಬಂದಿದ್ದ ಸಾಹೇಬರು ಬೂಟು ಬಿಚ್ಚಿಯೇಬಿಟ್ಟರು. "ಅದ್ಭುತ! ಅಲ್ಲಿನ ದೊಡ್ಡ ಯೂನಿವರ್ಸಿಟಿಗಳಲ್ಲಿ ಪುರಾತನವಾದ್ದು ಏನಾದ್ರೂ ಇದ್ದೇ ಇರುತ್ತೆ. ನಮ್ಮಲ್ಲಿ ಏನೂ ಇಲ್ವಲ್ಲ ಅಂತ ಕೊರಗ್ತಿದ್ದೆ. ಈ ಮರದ ಒಂದೆಲೆ ಕೂಡ ಮುಟ್ಟಲ್ಲ."

ಪಿಳ್ಳಪ್ಪನ ಕಣ್ಣು ತುಂಬಿ ಬಂತು. ಅವ್ವ ಗೆದ್ದಳು ಅಂದುಕೊಂಡ.

ಸಾಹೇಬರು ಸರ್ವೆಯ ಬೈರೇಶನ ಕಡೆ ತಿರುಗಿದರು. "ನಮ್ಮ ಗಡಿ ಎಲ್ಲೀವರ್ಗೂ ಇದೆ?"

"ಇಲ್ಲಿಗೆ ಮುಗೀತದೆ ಸಾರ್. ಮರ, ತೋಟ ಎಲ್ಲಾ ಆಚೆಗವೆ. ಇದನ್ನ ಬಿಡ್ಬೇಕು ಅಂತ್ಲೇ ನಿನ್ನೆ ಬಿಳಿ ಪಟ್ಟೆ ಬಳ್ದಿದ್ದು."

"ಅಳಿಸ್ಬಿಡಿ. ತೋಟಾನೂ ಸೇರಿಸ್ಕೊಳ್ಳಿ."

ಪಿಳ್ಳಪ್ಪ ಅವರ ಕಾಲಿಗೆ ಬಿದ್ದ. "ಸಾಮೀ, ಇದು ದೇವ್ರಲ್ಲ! ಬೆಳಿಗ್ಗೆ ನಾನೇ ಸುಣ್ಣ ಬಳ್ದಿದ್ದು! ಇದು ನಮ್ಮವ್ವ ನೆಟ್ಟಿರೋ ಮರ!"

ತಮಟೆ ನಿಂತಿತು. ಸೀರೆ ಕೊಟ್ಟ ಮುನಿವೆಂಕಟಮ್ಮನೇ ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತು ಅನ್ನು! ದೇವ್ರ ಮುಂದೆ ಎಂಥಾ ಮಾತಾಡ್ತೀಯ!"

"ಪಾಪ, ತುಂಬಾ ಭಾವುಕರು," ಎಂದು ಸಾಹೇಬರು ಕಾರು ಹತ್ತಿದರು.

ಸಂಜೆ ಎಲ್ಲರೂ ಚದುರಿದ ಮೇಲೆ ತಲೆಯ ಮೇಲೆ ವಿಮಾನವೊಂದು ಮೊರೆಯುತ್ತ ಹೋಯಿತು, ಹಣ್ಣೊಂದು ಕಳಚಿ ಧೊಪ್ಪನೆ ಬಿತ್ತು. ಇದೊಂದನ್ನಾದರೂ ಅವ್ವನ ಹಾಗೆ ಉಪ್ಪುಖಾರ ಹಚ್ಚಿ ತಿನ್ನೋಣವೆಂದು ಪಿಳ್ಳಪ್ಪ ಬಾಗಿ ಎತ್ತಿಕೊಂಡ.

"ಏಯ್, ದೇವ್ರ ಹಣ್ಣು ಕಣೋ ಅದು! ಇಕ್ಕು ಕೆಳಗೆ," ಎಂದ ಬದುವಿನ ಮೇಲಿಂದ ಅಪ್ಪಯ್ಯಣ್ಣ. ಕೂಗಿ ಕೂಗಿ ಅವನ ಗಂಟಲು ಇನ್ನೂ ಬಿದ್ದೇ ಇತ್ತು.

ತಾನೇ ಸುಣ್ಣ ಬಳಿದ ಕಲ್ಲುಗಳ ಮುಂದೆ ಪಿಳ್ಳಪ್ಪ ಹಣ್ಣನ್ನು ಎರಡೂ ಕೈಯಿಂದ ಇಟ್ಟ.