ಒಂದು ಹಿಟ್ ಕಡಿಮೆ

ಓರಿನ್ ಕ್ಯುಬಿಯಾಕ್‌ನ ಎಡಗೆನ್ನೆ ನುಣ್ಣಗಾಗಿ, ಬಲಗೆನ್ನೆಯ ಮೇಲೆ ಸೋಪಿನ ನೊರೆ ಇನ್ನೂ ಇರುವಾಗಲೇ ಕ್ಷೌರದಂಗಡಿಯ ಕನ್ನಡಿಗೆ ಅಂಟಿಸಿದ್ದ ಪಟ್ಟಿ ಕಣ್ಣಿಗೆ ಬಿತ್ತು. ಗಾಜಿನ ಕಾರ್ಖಾನೆಯ ಹಳೇ ಬೇಸ್‌ಬಾಲ್ ತಂಡದಲ್ಲಿ ಯಾರು ಸಾವಿರಕ್ಕೆ ಎಷ್ಟು ಹಿಟ್ ಹೊಡೆದರೆಂಬ ಲೆಕ್ಕ ಅದು. ಕ್ಷೌರದ ಡ್ವೇನ್ ಮುನ್ನೂರ ನಾಲ್ಕು. ಅಂಚೆಯ ಕ್ಲೆಮ್ ಮುನ್ನೂರ ಒಂದು. ಕಣ್ಣು ಮುಚ್ಚಿಕೊಂಡು ಬ್ಯಾಟು ಬೀಸುತ್ತಿದ್ದ ಲೆಸ್ಟರ್ ಕೂಡ ಮುನ್ನೂರು. ಓರಿನ್ ಇನ್ನೂರ ತೊಂಬತ್ತೊಂಬತ್ತು.

“ಮುನ್ನೂರು ಮುಟ್ಟಿದೋರ ಹೆಸರು ಫಲಕದ ಮೇಲೆ. ನಾಲ್ಕು ಗಂಟೆಗೆ ಮೈದಾನದ ಗೇಟಿಗೆ ಹೊಡೀತೀವಿ,” ಎಂದ ಡ್ವೇನ್. “ಬೇಜಾರಾಗ್ಬೇಡ ಕಣೋ. ಏಣಿ ಹಿಡ್ಕೊಳ್ಳೋಕೆ ನೀನೂ ಬಾ.”

ಆಡಿದ್ದು ಸರಿಯಾಗಿ ಸಾವಿರ ಸಲ, ಕಡಿಮೆಯಾದದ್ದು ಒಂದೇ ಹಿಟ್. ನಲವತ್ತು ವರ್ಷದಿಂದ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಓರಿನ್‌ನನ್ನು ಕಾಡುತ್ತಿತ್ತು.

ಸರದಿಗೆ ಕಾಯುತ್ತಿದ್ದ ಕ್ಲೆಮ್ ಸುಮ್ಮನಿರಲಿಲ್ಲ. “ಮಿಲ್‌ಬರ್ನ್ ಆಟದಲ್ಲಿ ನೀನು ಹೊಡೆದ ಚೆಂಡನ್ನ ಅವರ ಕಡೆಯ ಗಸ್ ಹಿಡಿಯೋಕೆ ಹೋಗಿ ಕೈಬಿಟ್ಟ ಅಂತ ಪುಸ್ತಕದಲ್ಲಿದೆಯಲ್ಲ, ಅದಕ್ಕೇ ಅದು ಹಿಟ್ ಲೆಕ್ಕಕ್ಕೆ ಸೇರ್ಲೇ ಇಲ್ಲ. ಗಸ್ ಇನ್ನೂ ಇದಾನೆ. ಹೋಗಿ ಕೇಳು.”

“ಉಳಿದ ಗಡ್ಡ?” ಎಂದ ಡ್ವೇನ್. ಓರಿನ್ ಆಗಲೇ ಬಾಗಿಲು ದಾಟಿದ್ದ.

ಗಸ್ ಇದ್ದದ್ದು ಮಿಲ್‌ಬರ್ನಿನ ವೃದ್ಧಾಶ್ರಮದಲ್ಲಿ. ಅಲ್ಲಿನ ನರ್ಸು ಅರ್ಧ ಗಡ್ಡದ ಮುದುಕನನ್ನು ಕಂಡು ಆಶ್ರಮದವನೇ ಯಾರೋ ತಪ್ಪಿಸಿಕೊಂಡು ಬಂದಿದ್ದಾನೆಂದು ಹಿಡಿದು ಕೂರಿಸಿ ಓಟ್ಸ್ ಗಂಜಿ ತಿನ್ನಿಸಿದಳು. ಬಟ್ಟಲು ಖಾಲಿಯಾದ ಮೇಲೆ ಗಸ್ ಬಂದು ಬಿಡಿಸಿದ.

“ಆ ಚೆಂಡು ನನ್ನಿಂದ ಎರಡು ಮಾರು ದೂರ ಹೋಯ್ತು ಮಾರಾಯ. ಮುಟ್ಟದೇ ಇದ್ದೋನು ಕೈಬಿಡೋದು ಹೆಂಗೆ?” ಎಂದವನು ಬಿಂಗೊ ಚೀಟಿಯ ಹಿಂದೆ ಅದನ್ನೇ ಬರೆದು ಸಹಿ ಹಾಕಿಕೊಟ್ಟ.

ಮನೆ ಸೇರುವಾಗ ಮೂರೂವರೆ. ಆಗ ತಂಡದ ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು ಅವನ ಹೆಂಡತಿ ವಿಲ್ಮಾ. ಅವಳು ಬರೆದದ್ದೇ ವೇದವಾಕ್ಯ. ಈಗ ಪಿರೋಗಿ ಕಡುಬಿಗೆ ಆಲೂಗಡ್ಡೆ ಹಿಸುಕುತ್ತಿದ್ದಳು.

“ಇದೊಂದನ್ನ ತಿದ್ದಿಬಿಡು, ವಿಲ್ಮಾ.”

ಅವಳು ಕೈ ಒರೆಸಿಕೊಂಡು ಚೀಟಿ ಓದಿದಳು. “ಗಸ್ ಹೇಳಿದ್ದು ನಿಜ. ಆದ್ರೆ ಇದನ್ನ ತಿದ್ದಿದ್ರೆ ಇನ್ನೂ ಹತ್ತು ತಿದ್ದಬೇಕಾಗತ್ತೆ.”

ಓರಿನ್ ಕುರ್ಚಿ ಎಳೆದು ಕೂತ.

“ಪ್ರತಿ ಸೆಪ್ಟೆಂಬರಿಗೂ ಪಿಟ್ಸ್‌ಬರ್ಗಿನ ದೊಡ್ಡ ತಂಡಕ್ಕೆ ಆಟಗಾರರನ್ನ ಹುಡುಕ್ಕೊಂಡು ಆ ಟೋಪಿಯವನು ಬರ್ತಿದ್ದ. ಮುನ್ನೂರು ಮುಟ್ಟಿದೋರನ್ನ ಕರ್ಕೊಂಡು ಹೋಗ್ತೀನಿ ಅಂತಿದ್ದ. ನೀನು ಹೋಗಿಬಿಡ್ತಿದ್ದೆ.”

“ಮದುವೆ ಆದ್ಮೇಲೂ ಯಾಕೆ ಕಡಿಮೆ ಬರೆದೆ?”

“ಆಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯ್ತು.”

ಓರಿನ್‌ಗೆ ಸಿಟ್ಟು ಬಂತು. ಬಂದದ್ದು ಅವಳ ಮುಖ ನೋಡಿ ನಿಲ್ಲಲಾರದೆ ಹೋಯಿತು. ತನ್ನನ್ನು ಯಾರಾದರೂ ಇಷ್ಟು ಬಯಸಿದ್ದರೆಂದು ಅವನಿಗೆ ಎಪ್ಪತ್ತು ವರ್ಷದಲ್ಲಿ ಗೊತ್ತೇ ಇರಲಿಲ್ಲ.

“ಮತ್ತೆ ಡ್ವೇನ್‌ನ ಮುನ್ನೂರ ನಾಲ್ಕು?”

“ದಿನಾ ಹೂ ಹಿಡ್ಕೊಂಡು ನಮ್ಮನೆ ಮೆಟ್ಟಿಲ ಮೇಲೆ ಕೂತಿರ್ತಿದ್ದ. ತೊಲಗ್ಲಿ ಅಂತ ಏಳೆಂಟು ಹಿಟ್ ನಾನೇ ಸೇರಿಸ್ದೆ. ಪಿಟ್ಸ್‌ಬರ್ಗಿನೋರು ಒಂದು ದಿನ ಆಡಿಸಿ ನೋಡಿ ವಾಪಸ್ ಕಳ್ಸಿಬಿಟ್ರು.”

ಫೋನು ಬಡಿದುಕೊಂಡಿತು. ಡ್ವೇನ್. “ಕುಂಚ ಕೈಯಲ್ಲೇ ಇದೆ. ವಿಲ್ಮಾ ಏನಂದ್ಲು? ನಿನ್ನ ಹೆಸರು ಬರೀಲಾ?”

ಓರಿನ್ ಹೆಂಡತಿಯನ್ನು ನೋಡಿದ. ಅವಳು ಆಲೂಗಡ್ಡೆಯನ್ನು ನೋಡುತ್ತಿದ್ದಳು.

“ಬೇಡ. ಪುಸ್ತಕ ಸರಿಯಾಗೇ ಇದೆ.”

“ಹೋಗ್ಲಿ ಬಿಡು,” ಎಂದ ಡ್ವೇನ್, ಕನಿಕರದಿಂದ. “ಮುನ್ನೂರು ಎಲ್ಲರ ಕೈಲೂ ಆಗೋದಲ್ಲ. ಅದಕ್ಕೆ ಕೈ ಬೇಕು ಕಣೋ.”